ರಾಜಕುಮಾರಿಯೂ ತಪ್ಪು ಮಾಡಲಿ ಬಿಡಿ

ಹೊರನಾಡಿಗೆ ಬಂದ ಮೇಲೆ ಮಗಳ ಜೊತೆ ಕೂತು ನೋಡುವ ಅನಿಮೇಷನ್ ಸಿನಿಮಾಗಳೆಲ್ಲ ಬೇರೆ ಭಾಷೆಯವು, ನಡುವೆ ನಡೆಯುವ ಪ್ರಶ್ನೆ, ಉತ್ತರ, ವಾದ ಮಾತ್ರ ಕನ್ನಡದಲ್ಲಿ. ಮೊನ್ನೆ 1959ರ ‘ಸ್ಲೀಪಿಂಗ್ ಬ್ಯೂಟಿ’ ಮುಗಿದಾಗ ಕೇಳಿದಳು: "ಅಪ್ಪಾ, ಎದ್ದ ಮೇಲೂ ಅವಳು ಯಾಕೆ ಏನೂ ಮಾತಾಡ್ಲಿಲ್ಲ?"

ನಿಜ ಅಲ್ವಾ. ರಾಜಕುಮಾರಿ ಅರೋರಾ ನಿದ್ದೆಯಿಂದ ಏಳುತ್ತಾಳೆ, ಅಮ್ಮನನ್ನು ತಬ್ಬಿಕೊಳ್ಳುತ್ತಾಳೆ, ರಾಜಕುಮಾರನ ಜೊತೆ ಕುಣಿಯುತ್ತಾಳೆ. ಬಾಯಿಂದ ಒಂದು ಮಾತಿಲ್ಲ. ಹಾಗಂತ ಆ ಸಿನಿಮಾದಲ್ಲಿ ಗಟ್ಟಿ ಹೆಂಗಸರೇ ಇಲ್ಲ ಅಂತಲ್ಲ. ಸೆರೆಯಲ್ಲಿದ್ದ ರಾಜಕುಮಾರನನ್ನು ಬಿಡಿಸಿ, ಕೈಗೆ ಕತ್ತಿ ಗುರಾಣಿ ಕೊಟ್ಟು ಕಳಿಸುವವರು ಮೂವರು ವಯಸ್ಸಾದ ಕಿನ್ನರಿಯರು. ಕಥೆ ಯಾರದೋ ಅವಳಿಗೇ ಕೆಲಸ ಇಲ್ಲ, ಅಷ್ಟೆ.

ಈಗಿನ ರಾಜಕುಮಾರಿಯರು ಹಾಗಿಲ್ಲ, ಅದು ನನಗೆ ತುಂಬಾ ಖುಷಿ. ಆದರೆ ಕೈಗೆ ಕತ್ತಿ ಬಂತು, ಬಿಲ್ಲು ಬಂತು ಅಂತ ಈ ಬದಲಾವಣೆಯನ್ನು ಅಳೆಯುವುದು ಸರಿಯಲ್ಲ. 1998ರ ‘ಮುಲಾನ್’ ಸಿನಿಮಾದ ನಾಯಕಿ ಇಡೀ ಸೈನ್ಯವನ್ನೇ ಹಿಮದಡಿ ಹೂತುಬಿಡುತ್ತಾಳೆ. ಆದರೆ ಕಾರ್ಮನ್ ಫಾಟ್ ಮತ್ತು ಕರೆನ್ ಐಸೆನ್‌ಹವರ್ ಎಂಬ ಭಾಷಾತಜ್ಞರು ಡಿಸ್ನಿ ರಾಜಕುಮಾರಿ ಸಿನಿಮಾಗಳ ಮಾತುಗಳನ್ನು ಎಣಿಸಿ ನೋಡಿದಾಗ, ‘ಮುಲಾನ್’ನಲ್ಲಿ ಶೇ 77ರಷ್ಟು ಮಾತು ಗಂಡಸರದ್ದೇ ಆಗಿತ್ತು. ಹೋಗಲಿ, ಮಾತನ್ನೇ ಎಣಿಸೋಣ ಅಂದರೆ ‘ಸ್ಲೀಪಿಂಗ್ ಬ್ಯೂಟಿ’ಯಲ್ಲಿ ಶೇ 71ರಷ್ಟು ಮಾತು ಹೆಂಗಸರದ್ದು, ಕಿನ್ನರಿಯರದ್ದೂ ಮಾಟಗಾತಿಯದ್ದೂ ಸೇರಿ! ಹಾಗಾಗಿ ಬರೀ ಮಾತಿನ ಲೆಕ್ಕವೂ ಸಾಲದು.

ನಾನು ನೋಡುವುದು ಒಂದನ್ನೇ. ಅವಳಿಗೆ ತಪ್ಪು ಮಾಡುವಷ್ಟು ಜಾಗ ಕಥೆಯಲ್ಲಿ ಇದೆಯಾ? ಆ ತಪ್ಪನ್ನು ಸರಿ ಮಾಡುವವಳು ಅವಳೇನಾ? 1989ರ ‘ದಿ ಲಿಟಲ್ ಮರ್ಮೇಡ್’ನ ಏರಿಯಲ್ ದನಿ ಮಾರಿಕೊಂಡು ದೊಡ್ಡ ತಪ್ಪನ್ನೇ ಮಾಡಿದಳು, ಆದರೆ ಕೊನೆಗೆ ಹಡಗು ನುಗ್ಗಿಸಿ ಮಾಟಗಾತಿಯನ್ನು ಕೊಂದವನು ರಾಜಕುಮಾರ. 2013ರ ‘ಫ್ರೋಜನ್’ನಲ್ಲಿ ಆನ್ನಾ ಅದೇ ದಿನ ಕಂಡವನಿಗೆ ಮದುವೆಗೆ ಒಪ್ಪುತ್ತಾಳೆ, ಮೋಸ ಹೋಗುತ್ತಾಳೆ. ಕೊನೆಗೆ ಅವಳನ್ನು ನಿಜಕ್ಕೂ ಪ್ರೀತಿಸುವ ಹುಡುಗ ಎದುರಿಂದ ಓಡಿ ಬರುತ್ತಿರುವಾಗ, ಅವನನ್ನು ಸೇರಿದರೆ ಜೀವ ಉಳಿಯುತ್ತದೆ ಅಂತ ನಂಬಿದ್ದರೂ, ತಿರುಗಿ ಅಕ್ಕನ ಮೇಲೆ ಬೀಳುತ್ತಿದ್ದ ಕತ್ತಿಗೆ ಅಡ್ಡ ನಿಲ್ಲುತ್ತಾಳೆ. ಆ ತಿರುಗುವಿಕೆ ಎಷ್ಟು ಸಲ ನೋಡಿದರೂ ನನಗೆ ಸಾಲುವುದಿಲ್ಲ.

ಜಪಾನಿನ ದಾರಿ ಬೇರೆ. ಅಲ್ಲಿ ಅನಿಮೇಷನ್ ನಿರ್ದೇಶಕ ಮಿಯಾಝಾಕಿ 1984ರಲ್ಲೇ, ಅಂದರೆ ಏರಿಯಲ್‌ಗಿಂತ ಐದು ವರ್ಷ ಮೊದಲೇ, ನೌಸಿಕಾ ಎಂಬ ರಾಜಕುಮಾರಿಯನ್ನು ತಂದರು. ಅಪ್ಪನನ್ನು ಕೊಂದ ಸೈನಿಕರ ಮೇಲೆ ಸಿಟ್ಟಿಗೆದ್ದು ಅವಳೂ ಕೊಲ್ಲುತ್ತಾಳೆ, ಆಮೇಲೆ ತನ್ನ ಸಿಟ್ಟಿಗೆ ತಾನೇ ಹೆದರುತ್ತಾಳೆ. ಅವಳನ್ನು ಯಾವ ರಾಜಕುಮಾರನಿಗೂ ಕಟ್ಟಿಹಾಕಿಲ್ಲ. ಅಮೆರಿಕದ ಸಿನಿಮಾಗಳು ಈ ಹಂತಕ್ಕೆ ಬರಲು ತುಂಬಾ ತಡ ಮಾಡಿದವು ಅಂತ ನನಗೆ ಬೇಸರವಿದೆ.

ತಡವಾದರೂ 2012ರಲ್ಲಿ ‘ಬ್ರೇವ್’ ಬಂತು. ಇದರ ಕಥೆ ಹುಟ್ಟಿದ್ದು ನಿರ್ದೇಶಕಿ ಬ್ರೆಂಡಾ ಚಾಪ್‌ಮನ್‌ಗೂ ಅವರ ಮಗಳಿಗೂ ಇದ್ದ ನಂಟಿನಿಂದ. ಜಗಳದ ಭರದಲ್ಲಿ ರಾಜಕುಮಾರಿ ಮೆರಿಡಾ, ಅಮ್ಮ ನೇಯ್ದ ಚಿತ್ರದ ಬಟ್ಟೆಯನ್ನು ಕತ್ತಿಯಿಂದ ಸೀಳುತ್ತಾಳೆ, ಮಾಟದ ಕೇಕ್ ತಿನ್ನಿಸಿ ಅಮ್ಮನನ್ನು ಕರಡಿ ಮಾಡಿಬಿಡುತ್ತಾಳೆ. ಆಮೇಲೆ ಆ ಬಟ್ಟೆಯನ್ನು ಹೊಲಿದು ಅಮ್ಮನಿಗೆ ಹೊದಿಸುತ್ತಾಳೆ. ಏನೂ ಆಗುವುದಿಲ್ಲ. ಎಲ್ಲಾ ನನ್ನಿಂದಲೇ ಆಯ್ತು ಅಂತ ಅಳುತ್ತಾಳೆ.

ಬಟ್ಟೆ ಹೊಲಿದಿದ್ದಕ್ಕೆ ಅಮ್ಮ ವಾಪಸ್ ಬಂದಳು ನೋಡು, ಅಂದೆ ನಾನು.

"ಅಲ್ಲಪ್ಪಾ," ಅಂದಳು ಮಗಳು, "ಸಾರಿ ಕೇಳಿದ್ದಕ್ಕೆ."