ಜಪಾನಿನ ಎರಡು ಔಷಧಿಗಳು

ಎಂಟು ತಿಂಗಳ ಹಿಂದಿನ ಮಾತು. ತಾಯಿಯೊಬ್ಬರು ತಮ್ಮ ಐದು ವರ್ಷದ ಮಗನನ್ನು ಕರೆದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಹುಡುಗನ ಕೆಳದವಡೆಯ ಎರಡು ಹಾಲುಹಲ್ಲುಗಳು ಹುಳುಕಾಗಿದ್ದವು. ನೋವಿರಲಿಲ್ಲ, ಉಂಡದ್ದು ಸಿಕ್ಕಿಕೊಳ್ಳುತ್ತಿತ್ತು, ಅಷ್ಟೆ. ನಾನು ನೋಡಿ ಮುಗಿಸುವಷ್ಟರಲ್ಲಿ ಆಕೆ ಮೊಬೈಲಿನಲ್ಲಿ ಒಂದು ವೀಡಿಯೊ ತೆರೆದು ನನ್ನ ಮುಂದೆ ಹಿಡಿದರು. "ಸಾರ್, ಜಪಾನಿನಲ್ಲಿ ಹಲ್ಲು ಮತ್ತೆ ಬೆಳೆಸೋ ಔಷಧಿ ಕಂಡುಹಿಡಿದಿದ್ದಾರಂತಲ್ಲ. ಇವನು ದೊಡ್ಡವನಾಗೋ ಹೊತ್ತಿಗೆ ಅದು ಇಲ್ಲಿಗೂ ಬಂದಿರುತ್ತೆ. ಈಗ ಸುಮ್ಮನೆ ಬಿಟ್ಟುಬಿಟ್ಟರೆ ಆಗಲ್ವಾ?"

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹಲ್ಲಿನ ವೈದ್ಯನಾಗಿರುವ ನನಗೆ ಈ ಪ್ರಶ್ನೆ ಈಚೆಗೆ ಹೊಸದಲ್ಲ. ಹಲ್ಲುಸೆಟ್ಟಿಗೆ ಅಳತೆ ಕೊಡಲು ಬಂದ ಹಿರಿಯರೊಬ್ಬರು "ಇನ್ನೊಂದೈದು ವರ್ಷ ತಳ್ಳಿದರೆ ಸ್ವಂತದ್ದೇ ಬರುತ್ತಂತೆ" ಎಂದು ಅಳತೆ ಕೊಡದೆಯೇ ಎದ್ದುಹೋದದ್ದೂ ಉಂಟು. ಹಾಗಾಗಿ ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ಆಕೆ ತೋರಿಸಿದ ಸುದ್ದಿ ಸುಳ್ಳಲ್ಲ. ಒಸಾಕಾದ ಕಿಟಾನೊ ಆಸ್ಪತ್ರೆಯ ಕಟ್ಸು ತಕಹಾಶಿ ಮತ್ತು ಕ್ಯೋಟೊ ವಿಶ್ವವಿದ್ಯಾಲಯದ ಅವರ ಸಂಗಡಿಗರು ಯುಎಸ್‌ಎಜಿ-1 ಎಂಬ ಪ್ರೋಟೀನಿನ ಬೆನ್ನು ಹತ್ತಿ ಬಹಳ ವರ್ಷಗಳಾಗಿವೆ. ಹಲ್ಲಿನ ಮೊಳಕೆ ಬೆಳೆಯದಂತೆ ತಡೆಹಿಡಿಯುವುದು ಈ ಪ್ರೋಟೀನಿನ ಕೆಲಸಗಳಲ್ಲೊಂದು. ಅದನ್ನು ಕಟ್ಟಿಹಾಕುವ ಒಂದು ಪ್ರತಿಕಾಯವನ್ನು ತಯಾರಿಸಿ ಇಲಿಗಳಿಗೂ ಫೆರೆಟ್ ಎಂಬ ಮುಂಗುಸಿಯಂತಹ ಪ್ರಾಣಿಗಳಿಗೂ ಕೊಟ್ಟಾಗ ಹೊಸ ಹಲ್ಲು ಮೂಡಿದ್ದನ್ನು ಅವರು 2021ರಲ್ಲಿ ಪ್ರಕಟಿಸಿದರು. 2024ರ ಶರತ್ಕಾಲದಲ್ಲಿ ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆ ಕ್ಯೋಟೊದಲ್ಲಿ ಆರಂಭವಾಯಿತು. ಅದಕ್ಕೆ ಆರಿಸಿಕೊಂಡವರು 30ರಿಂದ 64 ವರ್ಷದೊಳಗಿನ, ಕನಿಷ್ಠ ಒಂದು ಹಿಂಬದಿಯ ಹಲ್ಲು ಕಳೆದುಕೊಂಡಿರುವ, ಉಳಿದಂತೆ ಆರೋಗ್ಯವಾಗಿರುವ 30 ಮಂದಿ ಗಂಡಸರು. ಮೊದಲ ಹಂತವೆಂದರೆ ಔಷಧಿಯಿಂದ ಅಪಾಯವಿಲ್ಲವೇ ಎಂದು ನೋಡುವ ಹಂತ. ಹಲ್ಲು ಬರುತ್ತದೆಯೇ ಎಂಬುದು ಆಮೇಲಿನ ಮಾತು. ಎಲ್ಲವೂ ಸರಿಹೋದರೂ ಅದು ಮೊದಲು ಸಲ್ಲಬೇಕಾದದ್ದು ಹುಟ್ಟಿನಿಂದಲೇ ಹಲವು ಹಲ್ಲುಗಳಿಲ್ಲದ ಮಕ್ಕಳಿಗೆ. ಸಿಹಿ ತಿಂದು ಹುಳುಕಾದ ಹಲ್ಲಿಗೆ ಬದಲಿ ಹಲ್ಲು ಕೊಡುವುದು ಸದ್ಯ ಅವರ ಕೈಯಲ್ಲಿರುವ ಕೆಲಸವಲ್ಲ.

ಇಂತಹ ಸುದ್ದಿಗಳನ್ನು ಕಂಡು ನಗುವವನು ನಾನಲ್ಲ. ಆದರೆ ನನಗೆ ನೆನಪಿನ ಶಕ್ತಿ ಸ್ವಲ್ಪ ಹೆಚ್ಚು. 2017ರ ಜನವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ ಇಂಥದ್ದೇ ಸುದ್ದಿ ಬಂದಿತ್ತು. ಮರೆವಿನ ಕಾಯಿಲೆಗೆಂದು ಪರೀಕ್ಷಿಸಲಾಗಿದ್ದ ಟೈಡ್‌ಗ್ಲುಸಿಬ್ ಎಂಬ ಔಷಧಿಯನ್ನು ಕೊಲಾಜೆನ್ ಸ್ಪಂಜಿನಲ್ಲಿ ಅದ್ದಿ ಇಲಿಯ ಹಲ್ಲಿನ ತೂತಿನಲ್ಲಿಟ್ಟರೆ ಹಲ್ಲಿನ ಒಳಪದರವಾದ ಡೆಂಟಿನ್ ತಾನೇ ಬೆಳೆಯುತ್ತದೆ ಎಂಬುದು ಅದರ ಸಾರ. "ಇನ್ನು ಫಿಲ್ಲಿಂಗ್ ಬೇಡ" ಎಂದು ಅಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ನಾನು ಇಂದಿಗೂ ಫಿಲ್ಲಿಂಗ್ ಮಾಡುತ್ತಿದ್ದೇನೆ. 2025ರಲ್ಲಿ ಅದೇ ಸಂಸ್ಥೆಯ ಇನ್ನೊಂದು ತಂಡ ಕುರಿಯ ಉಣ್ಣೆಯಿಂದ ತೆಗೆದ ಕೆರಾಟಿನ್ ಎಂಬ ಪ್ರೋಟೀನಿನ ಮೇಲೆ, ಹಲ್ಲಿನ ಹೊರಕವಚವಾದ ಎನಾಮೆಲ್‌ನಂತಹ ಪದರ ಕಟ್ಟಿಸಿ ತೋರಿಸಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕಾಂತದ ಸೆಳೆತಕ್ಕೆ ಚಲಿಸುವ ಅತಿಸೂಕ್ಷ್ಮ ಕಣಗಳನ್ನು ಹಲ್ಲಿನ ಒಳನಳಿಕೆಗಳಿಗೆ ಇಳಿಸಿ, ಅಲ್ಲಿ ಸಿಮೆಂಟಿನಂತೆ ಗಟ್ಟಿಯಾಗಿ ನಿಲ್ಲುವಂತೆ ಮಾಡಿದ್ದಾರೆ. ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವವರಿಗೆ ಮುಂದೊಂದು ದಿನ ಇದರಿಂದ ಉಪಕಾರವಾಗಬಹುದು. ಅವರ ಪರೀಕ್ಷೆಯೂ ಇಲಿಗಳವರೆಗೆ ಬಂದಿದೆ. ಇವೆಲ್ಲ ಒಳ್ಳೆಯ ವಿಜ್ಞಾನ. ನನ್ನ ತಕರಾರು ವಿಜ್ಞಾನದ ಮೇಲಲ್ಲ. ಈ ಸದ್ದಿನಲ್ಲಿ, ಇಲಿಯನ್ನು ದಾಟಿ ಮನುಷ್ಯರ ಬಾಯಿಯಲ್ಲಿ ಗೆದ್ದಾಗಿರುವ ಸಂಶೋಧನೆಯೊಂದು ಯಾರ ಕಿವಿಗೂ ಬೀಳದೆ ಹೋಗಿದೆ ಎಂಬುದರ ಮೇಲೆ. ಕಡಿಮೆ ಕೊರೆಯಬೇಕು, ಸಾಧ್ಯವಾದರೆ ಕೊರೆಯಲೇಬಾರದು ಎಂಬುದೇ ಆ ಸಂಶೋಧನೆಯ ತಿರುಳು.

ಇದು ಅರ್ಥವಾಗಬೇಕಾದರೆ ನಾವು ಇಷ್ಟು ಕಾಲ ಯಾಕೆ ಅಷ್ಟೊಂದು ಕೊರೆಯುತ್ತಿದ್ದೆವು ಎಂಬುದನ್ನು ನೋಡಬೇಕು. ಶಿಕಾಗೊದಲ್ಲಿ ಪಾಠ ಮಾಡುತ್ತಿದ್ದ ಜಿ.ವಿ. ಬ್ಲ್ಯಾಕ್ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಹಾಕಿಕೊಟ್ಟ ಸೂತ್ರವನ್ನೇ ನಾನೂ ಕಾಲೇಜಿನಲ್ಲಿ ಉರುಹೊಡೆದವನು: ಹುಳುಕನ್ನಷ್ಟೇ ಅಲ್ಲ, ಮುಂದೆ ಹುಳುಕಾಗಬಹುದಾದ ಅಕ್ಕಪಕ್ಕದ ಗಟ್ಟಿ ಭಾಗವನ್ನೂ ತೆಗೆದು, ಗುಂಡಿಯನ್ನು ಇಂತಿಷ್ಟು ಆಳಕ್ಕೆ, ಬಾಯಿ ಕಿರಿದಾಗಿ ತಳ ಅಗಲವಾಗಿ ಕೆತ್ತಬೇಕು. ಈ ಕೆತ್ತನೆಗೆ ಕಾರಣ ರೋಗವಾಗಿರಲಿಲ್ಲ, ತುಂಬುವ ವಸ್ತುವಾಗಿತ್ತು. ಅಂದಿನ ಪಾದರಸ-ಬೆಳ್ಳಿಯ ಮಿಶ್ರಣ, ಅಂದರೆ ಅಮಾಲ್ಗಂ, ಹಲ್ಲಿಗೆ ಅಂಟುವುದಿಲ್ಲ. ಬಡಗಿ ಮರಕ್ಕೆ ಮರ ಕೂಡಿಸಲು ಕಚ್ಚು ತೋಡುವಂತೆ ಹಲ್ಲಿನಲ್ಲೂ ತೋಡಿ ಅದನ್ನು ಸಿಕ್ಕಿಸಬೇಕಿತ್ತು. ತೆಳುವಾದರೆ ಒಡೆಯುತ್ತಿದ್ದುದರಿಂದ ಆಳವೂ ಬೇಕಿತ್ತು. ವಸ್ತುವಿನ ದೌರ್ಬಲ್ಯಕ್ಕೆ ಹಲ್ಲು ಬೆಲೆ ತೆರುತ್ತಿತ್ತು.

ಅಂಟುವ ವಸ್ತು ಬಂದ ಮೇಲೆ ಲೆಕ್ಕ ಬದಲಾಯಿತು. 1955ರಲ್ಲಿ ಅಮೆರಿಕದ ಮೈಕಲ್ ಬ್ಯೂನೊಕೋರ್, ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಸವರುತ್ತಿದ್ದುದನ್ನು ಕಂಡು, ಅದೇ ಆಮ್ಲವನ್ನು ಎನಾಮೆಲ್ಲಿಗೆ ಸವರಿ ನೋಡಿದರು. ಎನಾಮೆಲ್ ತರಿತರಿಯಾಗಿ, ಅದರ ಮೇಲೆ ಹಾಕಿದ ರಾಳ (ರೆಸಿನ್) ಕಚ್ಚಿಕೊಂಡಿತು. ಇಂದು ಹಲ್ಲಿನ ಬಣ್ಣದ ಫಿಲ್ಲಿಂಗ್ ಮಾಡಿಸಿಕೊಂಡವರೆಲ್ಲರೂ ಆ ಬಣ್ಣದ ಕಾರ್ಖಾನೆಗೆ ಋಣಿಗಳು. 1972ರಲ್ಲಿ ಲಂಡನ್ನಿನ ಸರ್ಕಾರಿ ಪ್ರಯೋಗಾಲಯವೊಂದರ ರಸಾಯನಶಾಸ್ತ್ರಜ್ಞರಾದ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಗ್ಲಾಸ್ ಅಯನೋಮರ್ ಸಿಮೆಂಟನ್ನು ಹೊರತಂದರು. ಗಾಜಿನ ಪುಡಿಗೆ ಆಮ್ಲದ ದ್ರಾವಣ ಕಲಸಿದರೆ ಆಗುವ ಈ ಸಿಮೆಂಟು ಹಲ್ಲಿನ ಕ್ಯಾಲ್ಸಿಯಮ್ಮಿಗೇ ಬೆಸೆದುಕೊಂಡು, ಕುಳಿತಲ್ಲಿಂದಲೇ ಸ್ವಲ್ಪಸ್ವಲ್ಪವಾಗಿ ಫ್ಲೋರೈಡ್ ಬಿಡುತ್ತದೆ. ಯುರೋಪಿನ ಒಕ್ಕೂಟವಂತೂ 2025ರ ಜನವರಿಯಿಂದ ಹಲ್ಲಿಗೆ ಅಮಾಲ್ಗಂ ತುಂಬುವುದನ್ನು ಅಪರೂಪದ ಸಂದರ್ಭಗಳನ್ನು ಬಿಟ್ಟರೆ ನಿಲ್ಲಿಸಿದೆ. ವಸ್ತು ಬದಲಾಗಿದೆ, ನಮ್ಮ ಕೈಯ ಅಭ್ಯಾಸ ಮಾತ್ರ ಅದೇ ವೇಗದಲ್ಲಿ ಬದಲಾಗಿಲ್ಲ.

ನನ್ನ ಸ್ವಂತ ಅಭಿಪ್ರಾಯವನ್ನು ಬುಡಮೇಲು ಮಾಡಿದ್ದು ಸ್ಕಾಟ್ಲೆಂಡಿನ ಒಂದು ಕಥೆ. ನಾರ್ನಾ ಹಾಲ್ ಎಂಬ ದಂತವೈದ್ಯೆ 1980ರ ದಶಕದ ಕೊನೆಯಿಂದ ಮಕ್ಕಳ ಹುಳುಕು ದವಡೆಹಲ್ಲುಗಳಿಗೆ ಚುಚ್ಚುಮದ್ದಿಲ್ಲದೆ, ಕೊರೆಯದೆ, ಹುಳುಕನ್ನು ತೆಗೆಯದೆಯೇ, ಮೇಲೊಂದು ಸಿದ್ಧ ಸ್ಟೀಲ್ ಕ್ಯಾಪನ್ನು ಸಿಮೆಂಟ್ ಹಚ್ಚಿ ಒತ್ತಿ ಕೂರಿಸುತ್ತಿದ್ದರು. ನಮ್ಮ ಪಾಠದ ಪ್ರಕಾರ ಇದು ಅಪರಾಧ. ಗಾಯದೊಳಗೆ ಕೊಳೆಯಿಟ್ಟು ಹೊಲಿದಂತೆ. ಆದರೆ ಅವರ ದಾಖಲೆಗಳನ್ನು ತೆಗೆದು ನೋಡಿದ ಸಂಶೋಧಕರು ಅಚ್ಚರಿಪಟ್ಟು, ಅದೇ ಸ್ಕಾಟ್ಲೆಂಡಿನಲ್ಲಿ 132 ಮಕ್ಕಳ ಮೇಲೆ ಕ್ರಮಬದ್ಧ ಪರೀಕ್ಷೆ ನಡೆಸಿದರು. ಪ್ರತಿ ಮಗುವಿನ ಒಂದು ಹಲ್ಲಿಗೆ ಈ ಕ್ಯಾಪ್, ಇನ್ನೊಂದಕ್ಕೆ ವಾಡಿಕೆಯ ಫಿಲ್ಲಿಂಗ್. ಐದು ವರ್ಷಗಳ ನಂತರ, ಕೀವಾಗುವಂತಹ ದೊಡ್ಡ ತೊಂದರೆ ಕೊಟ್ಟದ್ದು ಕ್ಯಾಪ್ ಹಾಕಿದ ನೂರು ಹಲ್ಲುಗಳಲ್ಲಿ ಸುಮಾರು ಮೂರು, ಫಿಲ್ಲಿಂಗ್ ಮಾಡಿದ ನೂರರಲ್ಲಿ ಸುಮಾರು ಹದಿನೇಳು. ಕಾರಣ ಸರಳವಾಗಿದೆ. ಹುಳುಕೆಂದರೆ ಹುಳವಲ್ಲ, ನಾವು ತಿನ್ನುವ ಸಕ್ಕರೆಯನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯಾಗಳ ಕೆಲಸ. ಬಾಗಿಲು ಭದ್ರವಾಗಿ ಮುಚ್ಚಿ ಸಕ್ಕರೆ ತಲುಪದಂತೆ ಮಾಡಿದರೆ ಒಳಗಿದ್ದವು ಹಸಿದು ಕೈಚೆಲ್ಲುತ್ತವೆ.

ಈಗ ಜಪಾನಿನ ಎರಡನೆಯ ಔಷಧಿಯ ವಿಷಯಕ್ಕೆ ಬರುತ್ತೇನೆ. ತಕಹಾಶಿಯವರ ಒಸಾಕಾದಲ್ಲೇ, 1960ರ ದಶಕದ ಕೊನೆಯಲ್ಲಿ, ಸಂಶೋಧಕಿ ಮಿಝುಹೊ ನಿಶಿನೊ ಬೆಳ್ಳಿಯನ್ನೂ ಫ್ಲೋರೈಡನ್ನೂ ಒಂದೇ ದ್ರಾವಣದಲ್ಲಿ ಕೂಡಿಸುವ ಕೆಲಸದಲ್ಲಿದ್ದರು. ಸಿಲ್ವರ್ ಡೈಯಮೈನ್ ಫ್ಲೋರೈಡ್ ಎಂಬ ಆ ದ್ರಾವಣಕ್ಕೆ ಜಪಾನ್ 1970ರಲ್ಲೇ ಅನುಮತಿ ಕೊಟ್ಟಿತು. ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಭಾಗವನ್ನು ಗಟ್ಟಿಗೊಳಿಸುತ್ತದೆ. ಹಲ್ಲನ್ನು ಒರೆಸಿ ಒಣಗಿಸಿ, ಪುಟ್ಟ ಬ್ರಷ್‌ನಲ್ಲಿ ಒಂದು ನಿಮಿಷ ಹಚ್ಚಿದರೆ ಮುಗಿಯಿತು. ಒಂದೇ ಹನಿ ನಾಲ್ಕೈದು ಹಲ್ಲುಗಳಿಗೆ ಸಾಕು. ಜಗತ್ತು ಇದನ್ನು ಕಂಡುಕೊಳ್ಳಲು ಬಹಳ ತಡಮಾಡಿತು: ಅಮೆರಿಕ ಅನುಮತಿ ಕೊಟ್ಟದ್ದು 2014ರಲ್ಲಿ, ಅದೂ ಜುಮ್ಮೆನ್ನುವುದಕ್ಕೆ ಮದ್ದೆಂದು, ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2021ರಲ್ಲಿ. ನರದವರೆಗೆ ಹೋಗಿ ರಾತ್ರಿ ನಿದ್ದೆಗೆಡಿಸುವ, ಕೀವು ಕಟ್ಟಿದ ಹಲ್ಲಿಗೆ ಇದು ನಡೆಯುವುದಿಲ್ಲ. ಬೆಳ್ಳಿ ಒಗ್ಗದವರಿಗೂ ಸಲ್ಲದು. ಮತ್ತು ಒಂದು ದೊಡ್ಡ ಕೊರತೆಯಿದೆ: ಹುಳುಕಿನ ಜಾಗ ಕಾಯಂ ಕಪ್ಪಾಗುತ್ತದೆ.

ಈ ಕಪ್ಪಿನ ಮುಂದೆ ವಿಜ್ಞಾನದ ಮಾತು ನಡೆಯುವುದು ಕಷ್ಟ. ಎಷ್ಟೋ ತಾಯಂದಿರು ಬೇಡವೆಂದು ಎದ್ದಿದ್ದಾರೆ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ಒಮ್ಮೆ ಮಾತ್ರ ಜೊತೆಗೆ ಬಂದಿದ್ದ ಅಜ್ಜಿಯೊಬ್ಬರು "ಬಿಡಮ್ಮ, ದೃಷ್ಟಿಬೊಟ್ಟು ಬಾಯೊಳಗೆ ಇಟ್ಟಂಗಾಯ್ತು" ಎಂದು ನನ್ನ ಅರ್ಧ ಗಂಟೆಯ ಉಪನ್ಯಾಸವನ್ನು ಉಳಿಸಿದರು. ಪಾವಗಡದ ಕಡೆಯಿಂದ ಬರುವವರದ್ದು ಇನ್ನೊಂದು ಹೆದರಿಕೆ. ಅವರ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲುಗಳನ್ನು ಕಂದಾಗಿಸಿ ಮೂಳೆಗಳನ್ನು ಬಗ್ಗಿಸಿರುವುದನ್ನು ಕಣ್ಣಾರೆ ಕಂಡವರು ಆ ಹೆಸರು ಕೇಳಿದೊಡನೆ ಹಿಂಜರಿಯುವುದು ಸಹಜ. ವರ್ಷಗಟ್ಟಲೆ ದಿನವೂ ಕುಡಿದು ಮೈಗೆ ಸೇರುವ ಫ್ಲೋರೈಡೇ ಬೇರೆ, ಆರು ತಿಂಗಳಿಗೊಮ್ಮೆ ಹಲ್ಲಿನ ಮೇಲೆ ಸವರುವ ಹನಿಯ ಒಂದು ಪಾಲೇ ಬೇರೆ ಎಂದು ನಾನು ಬಿಡಿಸಿ ಹೇಳುತ್ತೇನೆ. ಒಪ್ಪದಿದ್ದರೆ ಒತ್ತಾಯಿಸುವುದಿಲ್ಲ.

ದೊಡ್ಡವರ ಹಲ್ಲಿನ ವಿಷಯದಲ್ಲೂ ಗಾಳಿ ಇದೇ ದಿಕ್ಕಿಗೆ ಬೀಸುತ್ತಿದೆ. "ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡೆ" ಎಂದು ನಮ್ಮ ಜನ ಹೇಳುವ ಮಾತು ಈಗ ಅಕ್ಷರಶಃ ನಿಜವಾಗಿದೆ. 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ರೂಪಿಸಿದ ಎಂಟಿಎ ಎಂಬ ವಸ್ತುವಿನ ಬಹುಪಾಲು, ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನದೇ ಜಾತಿಯದು. ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿದ್ದಾರೆ. (ಗಾರೆ ಕೆಲಸದ ಚೀಲ ತಂದು ಪ್ರಯೋಗ ಮಾಡಬೇಡಿ, ಶುದ್ಧತೆಯಲ್ಲಿ ಎರಡಕ್ಕೂ ಅಜಗಜಾಂತರವಿದೆ.) ಬೇರೆ ವಸ್ತುಗಳಿಗೆ ತೇವ ಶತ್ರು, ಇದಕ್ಕೆ ಗಟ್ಟಿಯಾಗಲು ತೇವವೇ ಬೇಕು. ಹಲ್ಲಿನ ನರದ ಮೇಲೆ ಇಟ್ಟರೆ ನರ ಅದರ ಕೆಳಗೆ ಹೊಸ ಡೆಂಟಿನ್ ಗೋಡೆ ಕಟ್ಟಿಕೊಳ್ಳುತ್ತದೆ. ಇಂತಹ ಸಿಮೆಂಟುಗಳ ಬಲದಿಂದ, ಹಿಂದೆ ಕಣ್ಣುಮುಚ್ಚಿ ರೂಟ್ ಕೆನಾಲ್ ಮಾಡುತ್ತಿದ್ದ ಎಷ್ಟೋ ಹಲ್ಲುಗಳಲ್ಲಿ ಕೆಟ್ಟ ಭಾಗದ ನರವನ್ನಷ್ಟೇ ತೆಗೆದು ಬೇರಿನ ನರವನ್ನು ಜೀವಂತವಾಗಿ ಉಳಿಸಬಹುದೆಂದು ಯುರೋಪ್ ಮತ್ತು ಅಮೆರಿಕದ ತಜ್ಞರ ಸಂಘಗಳು 2019 ಹಾಗೂ 2021ರಲ್ಲಿ ಹೇಳಿವೆ.

ಹಾಗಿದ್ದರೆ ಇವು ಯಾಕೆ ಊರೂರಿನ ಕ್ಲಿನಿಕ್ಕುಗಳಲ್ಲಿ ಕಾಣುತ್ತಿಲ್ಲ? ನನ್ನ ವೃತ್ತಿಬಾಂಧವರಿಗೆ ಬೇಸರವಾದರೂ ಹೇಳುತ್ತೇನೆ, ಮತ್ತು ಮೊದಲು ನನ್ನನ್ನೇ ಹಿಡಿದು ಹೇಳುತ್ತೇನೆ. ಒಂದು ಹನಿ ಸವರಿದ್ದಕ್ಕೆ ನಾನು ಎಷ್ಟು ಶುಲ್ಕ ಕೇಳಲಿ? ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಕ್ಲಿನಿಕ್ಕಿನ ತಿಂಗಳ ಬಾಡಿಗೆಯ ಒಂದು ಪಾಲು ಹುಟ್ಟುತ್ತದೆ. ರೋಗಿಯೂ ಯಂತ್ರದ ಸದ್ದು ಕೇಳದೆ ಚಿಕಿತ್ಸೆಯಾಯಿತೆಂದು ನಂಬುವುದಿಲ್ಲ. "ಏನೋ ನೀರು ಹಚ್ಚಿ ಕಳಿಸಿದರು" ಎನ್ನುತ್ತಾರೆ. ಹದಿನೈದು ವರ್ಷಗಳ ಹಿಂದೆ, ನಾಲ್ಕು ವರ್ಷದ ಮಗುವೊಂದನ್ನು ಇಬ್ಬರಿಂದ ಅದುಮಿ ಹಿಡಿಸಿ ನಾನು ಹಾಲುಹಲ್ಲು ಕೊರೆದಿದ್ದೇನೆ. ಆ ಹುಡುಗಿ ಮತ್ತೆ ಬಂದದ್ದು ಹತ್ತಾರು ವರ್ಷ ಕಳೆದು, ಕಾಯಂ ಹಲ್ಲುಗಳಲ್ಲಿ ಮೂರು ಉಳಿಸಲಾರದಷ್ಟು ಕೆಟ್ಟ ಮೇಲೆ. ಕುರ್ಚಿ ಕಂಡರೆ ಕೈ ನಡುಗುತ್ತದೆ ಎಂದಳು. ಸ್ಕಾಟ್ಲೆಂಡಿನ ಆ ಪರೀಕ್ಷೆಯ ಮೊದಲ ಫಲಿತಾಂಶಗಳು ನಾನು ಅವಳನ್ನು ಅದುಮಿ ಹಿಡಿಸುವ ಮೊದಲೇ ಅಚ್ಚಾಗಿದ್ದವು. ನಾನು ಓದಿರಲಿಲ್ಲ.

ಸರ್ಕಾರದ ಕಡೆಗೂ ಒಂದು ಮಾತಿದೆ. ನ್ಯೂಯಾರ್ಕಿನ ಶಾಲೆಗಳಲ್ಲಿ ಸಾವಿರಾರು ಬಡಮಕ್ಕಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಬೆಳ್ಳಿಯ ದ್ರಾವಣ ನಾಲ್ಕು ವರ್ಷಗಳ ಕೊನೆಗೆ ಹಲ್ಲಿನ ಸಂದುಗೆರೆಗಳನ್ನು ಮುಚ್ಚುವ ಸೀಲೆಂಟ್ ಲೇಪ ಹಾಗೂ ಯಂತ್ರವಿಲ್ಲದೆ ಕೈಯುಪಕರಣದಿಂದ ಮಾಡುವ ಫಿಲ್ಲಿಂಗಿಗೆ ಸರಿಸಮನಾಗಿ ನಿಂತಿತು. ಶಾಲಾ ದಾದಿಯರು ಹಚ್ಚಿದ್ದಕ್ಕೂ ದಂತ ಆರೋಗ್ಯ ಸಿಬ್ಬಂದಿ ಹಚ್ಚಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಹೋಗಿ ಮಕ್ಕಳ ಬಾಯಿ ತೆರೆಸಿ ನೋಡುತ್ತವೆ, ಹುಳುಕೆಂದು ಬರೆದುಕೊಳ್ಳುತ್ತವೆ, ಮುಂದಿನ ಆಸ್ಪತ್ರೆಗೆ ಚೀಟಿ ಕೊಡುತ್ತವೆ. ಕೂಲಿ ಬಿಟ್ಟು ಆ ಚೀಟಿ ಹಿಡಿದು ಬರುವ ತಂದೆತಾಯಿ ಎಷ್ಟು ಮಂದಿ? ಚೀಟಿ ಕೊಡುವ ಕೈಯಲ್ಲೇ, ತರಬೇತಿ ಕೊಟ್ಟು, ಒಂದು ಪುಟ್ಟ ಶೀಶೆಯನ್ನೂ ಇಡಬಹುದಲ್ಲ. ಬಡ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡುವ ದಂತಭಾಗ್ಯ ಯೋಜನೆ ನಮ್ಮ ರಾಜ್ಯದಲ್ಲಿದೆ, ಅದು ಒಳ್ಳೆಯದೇ. ಆದರೆ ಹಲ್ಲೆಲ್ಲ ಹೋದ ಮೇಲೆ ಸಿಗುವ ಭಾಗ್ಯಕ್ಕಿಂತ ಐದನೆಯ ವರ್ಷದಲ್ಲಿ ಸಿಗುವ ಒಂದು ಹನಿ ಅಗ್ಗವೆಂದು ಲೆಕ್ಕ ಹಾಕಲು ತಜ್ಞರ ಸಮಿತಿಯೇನೂ ಬೇಡ.

ಆ ದಿನ ತಾಯಿಗೆ ಇದರ ಕಾಲುಭಾಗವನ್ನಷ್ಟೇ ಹೇಳಿದೆ. "ಜಪಾನಿನದ್ದೇ ಬೇಕೆಂದರೆ ಇದೂ ಜಪಾನಿನದ್ದೇ ಅಮ್ಮ, ಐವತ್ತು ವರ್ಷ ಹಳೆಯದು" ಎಂದಾಗ ಆಕೆ ನಕ್ಕರು. ಕಪ್ಪಾಗುತ್ತದೆಂದು ಮೊದಲೇ ಫೋಟೊ ತೋರಿಸಿದೆ. ಹಿಂದಿನ ಹಲ್ಲು ಯಾರಿಗೆ ಕಾಣುತ್ತದೆ ಎಂದು ಒಪ್ಪಿದರು. ಹುಡುಗ "ರುಚಿ ಕಬ್ಬಿಣದ ಥರ ಇದೆ" ಎಂದು ಮುಖ ಸಿಂಡರಿಸಿದನೇ ಹೊರತು ಅಳಲಿಲ್ಲ. ಆರು ತಿಂಗಳಿಗೆ ಕರೆದಿದ್ದೆ, ಎಂಟನೆಯ ತಿಂಗಳಿಗೆ ಬಂದರು. ಒಂದು ಹಲ್ಲಿನ ಹುಳುಕು ಕಲ್ಲಿನಂತೆ ಗಟ್ಟಿಯಾಗಿ ನಿಂತಿತ್ತು, ಕಡ್ಡಿ ಆಡಿಸಿದರೆ ಕರಕರ ಎನ್ನುತ್ತಿತ್ತು. ಇನ್ನೊಂದು ಒಂದು ಮೂಲೆಯಲ್ಲಿ ಇನ್ನೂ ಮೆತ್ತಗಿತ್ತು. ಅದಕ್ಕೆ ಮತ್ತೊಮ್ಮೆ ಹಚ್ಚಿ, ಮುಂದಿನ ವಾರ ಸ್ಟೀಲ್ ಕ್ಯಾಪ್ ಹಾಕೋಣವೆಂದು ಹೇಳಿ ಕಳಿಸಿದ್ದೇನೆ. ಕ್ಯಾಪ್ ಹೊಳೆಯುತ್ತದೆಯೇ ಎಂದು ಹುಡುಗ ಎರಡು ಸಲ ಕೇಳಿದ.