ಗಾಮಾ ನೈಫ್ ಆದ ಮರುದಿನವೇ ಮೆದುಳಿನ ಗಂಟು ಮಾಯ ಆಗಲ್ಲ

ಮಂಡ್ಯದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಮೆದುಳಿನ ರಕ್ತನಾಳದ ಗಂಟನ್ನು (ರಕ್ತನಾಳಗಳು ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿರೋದು, ಡಾಕ್ಟರ್‌ಗಳ ಮಾತಲ್ಲಿ ಎವಿಎಂ) ಗಾಮಾ ಚಾಕುವಿನಿಂದ, ಅಂದರೆ ಗಾಮಾ ನೈಫ್‌ನಿಂದ, ಒಂದೇ ದಿನದಲ್ಲಿ ಕತ್ತರಿಸಿ ತೆಗೆಯುತ್ತಾರಂತೆ, ಆಮೇಲೆ ರಕ್ತಸ್ರಾವದ ಭಯವೇ ಇಲ್ಲವಂತೆ. ಒಂದೇ ದಿನ ಅನ್ನೋದು ಸಾಮಾನ್ಯವಾಗಿ ನಿಜ. ಉಳಿದದ್ದು ತಪ್ಪು.

ಹೆಸರಲ್ಲಷ್ಟೇ ಚಾಕು, ಏನನ್ನೂ ಕತ್ತರಿಸಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತಲೆಗೆ ನಾಲ್ಕು ಪಿನ್‌ಗಳಿಂದ ಫ್ರೇಮ್ ಬಿಗಿದು, ಸುಮಾರು 200 ಸಣ್ಣ ವಿಕಿರಣದ ಎಳೆಗಳನ್ನು ಒಂದೇ ಜಾಗಕ್ಕೆ ಗುರಿಯಿಡುತ್ತಾರೆ. ಒಂದೊಂದೇ ಎಳೆಗೆ ಬಲ ಕಡಿಮೆ, ಎಲ್ಲ ಸೇರುವ ಕಡೆ ಮಾತ್ರ ಪೆಟ್ಟು ಜೋರು. ಆ ಪೆಟ್ಟಿಗೆ ರಕ್ತನಾಳದ ಒಳಗೋಡೆ ನಿಧಾನಕ್ಕೆ ದಪ್ಪಗಾಗುತ್ತಾ, ಹಳೇ ನಲ್ಲಿ ಪೈಪಿನೊಳಗೆ ಉಪ್ಪು ಕಟ್ಟಿಕೊಳ್ಳುತ್ತಲ್ಲ, ಹಾಗೆ ಮುಚ್ಚಿಕೊಳ್ಳಬೇಕು. ಅದಕ್ಕೆ 2-3 ವರ್ಷ ಬೇಕು. ಅಲ್ಲಿಯವರೆಗೆ ರಕ್ತಸ್ರಾವದ ಅಪಾಯ ಇದ್ದೇ ಇರುತ್ತದೆ! ಮೆಸೇಜ್ ಬರೆದ ಪುಣ್ಯಾತ್ಮ ಇದನ್ನೇ ಬಿಟ್ಟಿದ್ದಾನೆ.

ಎಲ್ಲರಿಗೂ ಇದು ಸರಿಹೋಗಲ್ಲ. ಗಂಟು 3 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಫಲ ಜಾಸ್ತಿ, ದೊಡ್ಡದಿದ್ದರೆ ಬೇರೆ ದಾರಿ ನೋಡಬೇಕಾಗಬಹುದು.

ನಮ್ಮ ಬೀದಿಯ ಹುಡುಗನೊಬ್ಬ ಹಣೆ ಮೇಲಿನ ಪಿನ್ ಗಾಯ ಒಣಗುತ್ತಿದ್ದಂತೆ, ಎಲ್ಲ ಸರಿಹೋಯ್ತು ಅಂತ ಗಂಟಿನಿಂದ ಬರುತ್ತಿದ್ದ ಫಿಟ್ಸ್‌ಗೆ ತಗೊಳ್ಳುತ್ತಿದ್ದ ಮಾತ್ರೆ ನಿಲ್ಲಿಸಿಬಿಟ್ಟಿದ್ದ. ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಬೇಕು. ಗಂಟು ಪೂರ್ತಿ ಮುಚ್ಚಿದೆಯಾ ಅನ್ನೋದು ಎಂಆರ್‌ಐ, ಆಂಜಿಯೋಗ್ರಾಮ್‌ನಲ್ಲೇ ಗೊತ್ತಾಗೋದು.