ಪೇಟೆಯ ಕಂದಾಯಕ್ಕೆ ಲೆಕ್ಕವಿದೆ, ಖರ್ಚಿಗೂ ಇರಲಿ

ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆ ಕಡೆ ಆಸ್ತಿ ತೆರಿಗೆಯ ಮಾತೆತ್ತಿದರೆ ಎಲ್ಲರದೂ ಒಂದೇ ದೂರು: ಜಾಸ್ತಿಯಾಯ್ತು. ಇರಬಹುದು. ಆದರೆ ಹೆಚ್ಚಿನ ಮಾಲೀಕರು ಚಲನ್‌ನ ಕೊನೆಯ ಸಾಲನ್ನಷ್ಟೇ ನೋಡಿ ದುಡ್ಡು ಕಟ್ಟುತ್ತಾರೆ. ತಪ್ಪು ಇರುವುದು ಮೇಲಿನ ಸಾಲುಗಳಲ್ಲಿ.

ಬೆಂಗಳೂರಿನಲ್ಲಿ 2008ರಿಂದ ಇರುವುದು ಯೂನಿಟ್ ಏರಿಯಾ ಪದ್ಧತಿ. ಚದರಡಿಯನ್ನು ನಿಮ್ಮ ಬೀದಿಯ ದರದಿಂದ ಗುಣಿಸಿ, ಬಂದದ್ದನ್ನು 10 ತಿಂಗಳಿಂದ ಗುಣಿಸಬೇಕು. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆಯಬೇಕು. ವಾಸದ ಮನೆಗಾದರೆ ಉಳಿದದ್ದರ ಶೇ. 20 ತೆರಿಗೆ. ಅದರ ಮೇಲೆ ಶೇ. 24 ಉಪಕರ. 600 ಚದರಡಿಯ ಮಹಡಿ ಮನೆ, ದರ 2 ರೂಪಾಯಿ, ಸವಕಳಿ ಅರ್ಧ ಎಂದಿಟ್ಟುಕೊಳ್ಳಿ. 12,000ದಲ್ಲಿ 6,000 ಉಳಿಯಿತು, ತೆರಿಗೆ 1,200, ಉಪಕರ 288, ಒಟ್ಟು 1,488. ಅದೇ ಮನೆಯನ್ನು ‘ಬಾಡಿಗೆಗೆ ಕೊಟ್ಟಿದೆ’ ಎಂದು ಬರೆದುಕೊಂಡರೆ ದರ ದುಪ್ಪಟ್ಟು, ಕಟ್ಟಬೇಕಾದ್ದು 2,976. ಒಂದೇ ಒಂದು ಟಿಕ್ ಗುರುತಿನ ವ್ಯತ್ಯಾಸ ಇದು. ಘನತ್ಯಾಜ್ಯ ಶುಲ್ಕ ಬೇರೆ.

ಪೇಟೆಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳಲ್ಲಿ. ಅಂಗಡಿ, ಗೋಡೌನ್, ಸ್ವಂತ ವಾಸ, ಬಾಡಿಗೆ ಮನೆ ಇವನ್ನೆಲ್ಲ ಬೇರೆಬೇರೆ ಸಾಲಿನಲ್ಲಿ ತೋರಿಸಬೇಕು. ಇಡೀ ಕಟ್ಟಡವನ್ನು ವಾಣಿಜ್ಯಕ್ಕೆ ಸೇರಿಸಿಬಿಟ್ಟರೆ ಮೇಲಿನ ಮನೆಗೂ ಅಂಗಡಿಯ ದರವೇ ಬೀಳುತ್ತದೆ. ಇನ್ನೊಂದು ವಲಯದ ವಿಷಯ. ಎ ಇಂದ ಎಫ್‌ವರೆಗಿನ ವಲಯ ನಿಗದಿಯಾಗುವುದು ಬೀದಿಯ ಮಾರ್ಗಸೂಚಿ ದರದ ಮೇಲೆ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯ ಮೇಲೆ. ಹಾಗಾಗಿ ಒಳಗಲ್ಲಿಯ ಮನೆಗೆ ಮುಖ್ಯರಸ್ತೆಯ ವಲಯ ಹಾಕಿದ್ದಾರೋ ಎಂದು ನೋಡಲೇಬೇಕು. ತಪ್ಪಿದ್ದರೆ ಸಹಾಯಕ ಕಂದಾಯ ಅಧಿಕಾರಿಗೆ ಅರ್ಜಿ ಕೊಡಿ. ಖಾತಾ ಪ್ರತಿ, ಹಿಂದಿನ ರಸೀದಿಗಳು, ವಿದ್ಯುತ್ ಬಿಲ್, ಅಳತೆಯ ನಕ್ಷೆ ಜೊತೆಗಿರಲಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಬಾಯಿಮಾತಿನ ದೂರಿಗೆ ಕಡತವೇ ಇರುವುದಿಲ್ಲ.

ನಮ್ಮಿಂದ ಪೈಸೆ ಪೈಸೆ ಲೆಕ್ಕ ಕೇಳುವ ಪಾಲಿಕೆ ತನ್ನ ಖರ್ಚನ್ನು ಅಷ್ಟೇ ಬಿಚ್ಚಿ ತೋರಿಸಬೇಕಲ್ಲವೇ? 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ನಡುವಿನ ಐದು ವರ್ಷ ಬಜೆಟ್ ಸಿದ್ಧ ಮಾಡಿದವರೂ ಅಧಿಕಾರಿಗಳೇ, ಒಪ್ಪಿಗೆ ಕೊಟ್ಟವರೂ ಅಧಿಕಾರಿಗಳೇ. ಪ್ರಶ್ನೆ ಕೇಳಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಅಂಥ ಹೊತ್ತಿನಲ್ಲೇ, 2024ರ ಫೆಬ್ರವರಿಯಲ್ಲಿ, ತೆರಿಗೆಯನ್ನು ನೇರವಾಗಿ ಮಾರ್ಗಸೂಚಿ ದರಕ್ಕೆ ಕಟ್ಟುವ ಕರಡು ಹೊರಬಿತ್ತು. ವಾರ್ಡ್‌ವಾರು ಖರ್ಚು ಮುಂದಿಡುವವರೆಗೆ ಇಂಥ ಯಾವ ಬದಲಾವಣೆಯನ್ನೂ ಒಪ್ಪಬಾರದು ಎಂಬುದು ನನ್ನ ನಿಲುವು.

ಆ ಶೇ. 24 ಉಪಕರವನ್ನೇ ತೆಗೆದುಕೊಳ್ಳಿ. ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷಾಟನೆ ನಿರ್ಮೂಲನೆಗೆ 3. ಕೊನೆಯ ಎರಡು ಪಾಲಿಕೆಯ ದುಡ್ಡೇ ಅಲ್ಲ. ಒಂದು ಗ್ರಂಥಾಲಯ ಇಲಾಖೆಗೆ, ಇನ್ನೊಂದು ಭಿಕ್ಷುಕರ ಪುನರ್ವಸತಿ ನೋಡಿಕೊಳ್ಳುವ ಕೇಂದ್ರ ಪರಿಹಾರ ಸಮಿತಿಗೆ ದಾಟಬೇಕಾದದ್ದು. ವಸೂಲಾದದ್ದೆಷ್ಟು, ದಾಟಿಸಿದ್ದೆಷ್ಟು? ಈ ಎರಡು ಅಂಕಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲು ಯಾವ ಹೊಸ ಕಾನೂನೂ ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಇಂಥ ಮಾಹಿತಿಯನ್ನು ಯಾರೂ ಕೇಳದಿದ್ದರೂ ಪ್ರಕಟಿಸಬೇಕು.

ಕಾಮಗಾರಿಯ ಲೆಕ್ಕ ಬೇಕೆಂದರೆ ಇದೇ ಕಾಯ್ದೆಯಡಿ ಅರ್ಜಿ ಬರೆಯುವ ರೀತಿ ಗೊತ್ತಿರಬೇಕು. ‘ವಾರ್ಡಿನ ಎಲ್ಲ ಕಾಮಗಾರಿಗಳ ಮಾಹಿತಿ ಕೊಡಿ’ ಎಂದರೆ ವಾಪಸ್ ಬರುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ‘ಯಾಕೆ ಹೀಗೆ ಮಾಡಿದಿರಿ’ ಎಂದು ಕೇಳಿದರೂ ಉತ್ತರ ಸಿಗದು. ಕೇಳಬೇಕಾದದ್ದು ದಾಖಲೆ. ಜಾಬ್ ನಂಬರ್ (ಪ್ರತಿ ಕಾಮಗಾರಿಗೂ ಪಾಲಿಕೆ ಕೊಡುವ ಸಂಖ್ಯೆ) ಹಾಕಿ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ ಇಷ್ಟನ್ನೇ ಕೇಳಿ. ಶುಲ್ಕ 10 ರೂಪಾಯಿ. ಅದೇ ಅರ್ಜಿಯಲ್ಲಿ ಸೆಕ್ಷನ್ 2(ಜೆ) ಹೆಸರಿಸಿ ಕಾಮಗಾರಿಯ ಖುದ್ದು ಪರಿಶೀಲನೆಗೂ ಅವಕಾಶ ಕೇಳಿ.

ಇವುಗಳಲ್ಲಿ ಅಳತೆ ಪುಸ್ತಕವೇ ಮುಖ್ಯ. ಎಂಜಿನಿಯರುಗಳ ಬಾಯಲ್ಲಿ ಅದು ಎಂ.ಬಿ. ಉದ್ದ, ಅಗಲ, ಆಳ, ಪರಿಮಾಣ ಎಂದು ಕಾಲಂಗಳಿರುತ್ತವೆ. ಬಿಲ್ ಏಳುವುದು ಅದರ ಮೇಲೆಯೇ. ಅಗೆತದ ಆಳ 0.6 ಮೀಟರ್ ಇದ್ದು ಪುಸ್ತಕದಲ್ಲಿ 0.9 ಎಂದಿದ್ದರೆ ಅಗೆತದ ಲೆಕ್ಕ ಒಂದೂವರೆ ಪಟ್ಟಾಯಿತು. ಉದ್ದ, ಅಗಲ ಯಾರ ಕಣ್ಣಿಗೂ ಬೀಳುತ್ತವೆ, ಆಳ ಬೀಳುವುದಿಲ್ಲ. ಹೂಳೆತ್ತುವ ಕೆಲಸದಲ್ಲಂತೂ ಒಂದು ಮಳೆ ಬಿದ್ದರೆ ಅಳೆಯಲು ಏನೂ ಉಳಿಯದು. ಆದ್ದರಿಂದ ಕೆಲಸ ನಡೆಯುತ್ತಿರುವಾಗಲೇ ಚರಂಡಿಗೆ ಟೇಪ್ ಇಳಿಬಿಟ್ಟು, ಹತ್ತಿರದ ಅಂಗಡಿಯ ಬೋರ್ಡ್ ಕಾಣುವಂತೆ, ದಿನಾಂಕ ಬೀಳುವಂತೆ ಫೋಟೋ ತೆಗೆದಿಡಿ.

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಬಹಳಷ್ಟು ಅರ್ಜಿಗಳು ಸಾಯುವುದು ಈ ಮೊದಲ ಮೇಲ್ಮನವಿಯ ಗಡುವು ತಪ್ಪಿ. ಬೀದಿಯ ನಾಲ್ಕು ಅಂಗಡಿಯವರು ಸೇರಿ ಒಬ್ಬೊಬ್ಬರು ಒಂದೊಂದು ಜಾಬ್ ನಂಬರ್ ಹಿಡಿದರೆ, ತಾರೀಖು ನೆನಪಿಡಲೂ ಸುಲಭ, ಒಬ್ಬರ ಮೇಲೆ ಒತ್ತಡ ಹಾಕಿ ಅರ್ಜಿ ವಾಪಸ್ ತೆಗೆಸುವುದೂ ಕಷ್ಟ.